ಎಪ್ಪತ್ತೆರಡನೆಯ ಪುಟದ ಅಕ್ಕ

ಬೆಳಗಾವಿಯ ನಮ್ಮ ನೆಹರು ನಗರದ ಮಹಿಳಾ ಮಂಡಳದವರು ನನಗೊಂದು ಕೆಲಸ ಹಚ್ಚಿದ್ದಾರೆ. ಬರುವ ಗುರುವಾರ ನಾನು ‘ಇತ್ತೀಚೆಗೆ ಓದಿದ ಕಾದಂಬರಿಗಳು ಮತ್ತು ಆತ್ಮಕಥೆಗಳು’ ಎಂಬ ವಿಷಯದ ಮೇಲೆ ಹತ್ತು ನಿಮಿಷ ಅಭಿಪ್ರಾಯ ಹೇಳಬೇಕು. ಹೇಳಿದ ಮೇಲೆ ಚಹಾ, ಚುರುಮುರಿ. ಮಂಡಳದ ಕಾರ್ಯದರ್ಶಿಯವರು ಮನೆಗೇ ಬಂದು, “ನೀವು ಭಾಳ ಓದ್ತೀರಂತ, ನಿಮ್ಮ ಬಾಜೂ ಮನಿಯವ್ರು ಹೇಳಿದ್ರು” ಎಂದರು. ಬಾಜೂ ಮನೆಯವರ ಮಾತಿನಲ್ಲಿ ಹೊಗಳಿಕೆಗಿಂತ ದೂರು ಹೆಚ್ಚಿರಬೇಕು. ನಾನು ಓದುತ್ತ ಕೂತಾಗ ಸೀದುಹೋದ ಪಲ್ಯದ ವಾಸನೆ ಮೊದಲು ಹೋಗುವುದು ಅವರ ಕಿಟಕಿಗೆ.

ಒಪ್ಪಿಕೊಂಡದ್ದೇನೋ ಆಯಿತು. ಅಭಿಪ್ರಾಯ ಎಂದರೆ ಏನು ಹೇಳಬೇಕು ಎಂದು ಹೊಳೆಯದೆ ನನ್ನ ದಿನಚರಿಗಳನ್ನು ತೆಗೆದು ಕೂತೆ. ನಮ್ಮ ಮನೆಯವರು ಉದ್ಯಮಬಾಗದ ಒಂದು ಫೌಂಡ್ರಿಯ ಸ್ಟೋರಿನಲ್ಲಿದ್ದಾರೆ. ಅಲ್ಲಿಗೆ ಮರಳು, ಕೋಕ್ ಪೂರೈಸುವವರು ಹೊಸ ವರ್ಷಕ್ಕೆ ದಪ್ಪ ರಟ್ಟಿನ ಡೈರಿಗಳನ್ನು ಕೊಡುತ್ತಾರೆ. ಅವು ಮನೆಗೆ ಬಂದು ನನ್ನ ಪಾಲಾಗುತ್ತವೆ. ಹದಿನೈದು ವರ್ಷಗಳಿಂದ ನಾನು ಅವುಗಳಲ್ಲಿ ದಿನಕ್ಕೆರಡು ಸಂಗತಿ ಬರೆಯುತ್ತ ಬಂದಿದ್ದೇನೆ: ಅಂದಿನ ಕಾಯಿಪಲ್ಯ, ಅಂದು ಓದಿದ್ದು. ಉದಾಹರಣೆಗೆ, ‘ಸೋಮವಾರ. ಹೀರೇಕಾಯಿ. ನಾಯಕ ಊರು ಬಿಟ್ಟ. ಮಂಗಳವಾರ. ಮಡಕಿಕಾಳು. ನಾಯಕ ಇನ್ನೂ ಬಸ್ಸಿನಲ್ಲೇ ಇದ್ದಾನೆ. ಬುಧವಾರ. ಚವಳೀಕಾಯಿ, ಸರಿಯಾಗಿ ಬೆಂದಿಲ್ಲ. ನಾಯಕ ವಾಪಸು ಬಂದ.’

ಆ ನಾಯಕ ಯಾರು, ಯಾಕೆ ಹೋದ, ಯಾಕೆ ಬಂದ, ಈಗ ಕೇಳಿದರೆ ಹೇಳಲಾರೆ. ಚವಳೀಕಾಯಿ ಮಾತ್ರ ಚೆನ್ನಾಗಿ ನೆನಪಿದೆ. ಮಹಿಳಾ ಮಂಡಳದಲ್ಲಿ ಇದನ್ನು ಹೇಳಲಾಗುತ್ತದೆಯೇ?

ಪುಟ ತಿರುವುತ್ತ ಹೋದ ವರ್ಷದ ಏಪ್ರಿಲ್ಲಿಗೆ ಬಂದೆ. ಅಲ್ಲಿ ಒಂದು ಗುರುವಾರ ಹೀಗಿದೆ: ‘ಖಾನಾಪುರ. ಪಲ್ಯ ಮಾಡಲಿಲ್ಲ, ಹಪ್ಪಳದ ದಿನ. ಅಕ್ಕ ತೀರಿಕೊಂಡಳು.’ ಅದರ ಮುಂದೆ ಆಮೇಲೆ ಸೇರಿಸಿದ ಸಣ್ಣ ಅಕ್ಷರದಲ್ಲಿ, ಯಾರಾದರೂ ನೋಡಿಯಾರು ಎಂಬ ಹೆದರಿಕೆಯಲ್ಲಿ ಬರೆದಂತೆ, ‘ನಾನು ತಪ್ಪು ಮಾಡಿದೆ’ ಎಂದಿದೆ. ದಿನಚರಿ ತಿರುವುವುದು ಅಲ್ಲಿಗೇ ನಿಂತಿತು. ಭಾಷಣದ ತಯಾರಿಯೂ ಅಲ್ಲಿಗೇ ನಿಂತಿತು.

ಗಾಬರಿಯಾಗಬೇಡಿ. ನನಗೆ ಅಕ್ಕ ಇಲ್ಲ. ತೀರಿಕೊಂಡದ್ದು ಪುಸ್ತಕದ ಅಕ್ಕ.

ಖಾನಾಪುರದಲ್ಲಿ ನಮ್ಮ ಮನೆತನದ ಮನೆ. ಅಲ್ಲಿ ಅತ್ತೆ, ಭಾವ, ನೆಗೆಣ್ಣಿ ಕಮಲಕ್ಕ ಇದ್ದಾರೆ. ಮಳೆ ಹಿಡಿಯಿತೆಂದರೆ ಆ ಊರಿನಲ್ಲಿ ನಾಲ್ಕು ತಿಂಗಳು ಏನೂ ಒಣಗುವುದಿಲ್ಲ, ಆದ್ದರಿಂದ ವರ್ಷದ ಹಪ್ಪಳವೆಲ್ಲ ಬೇಸಿಗೆಯಲ್ಲೇ ಆಗಬೇಕು. ಉದ್ದಿನ ಹಿಟ್ಟನ್ನು ಕುಟ್ಟಿ, ಎಣ್ಣೆ ಸವರಿ, ಹಗ್ಗದ ಹಾಗೆ ಹೊಸೆದು, ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಇನ್ನೊಂದು ತುದಿಯಿಂದ ಅದನ್ನು ತುಂಡು ತುಂಡಾಗಿ ಕತ್ತರಿಸುವುದು ಅತ್ತೆಯ ಕೆಲಸ. ಲಟ್ಟಿಸುವುದು ಉಳಿದವರದು. ಪಕ್ಕದ ಮನೆಯ ಶೇವಂತಾಬಾಯಿ ತಮ್ಮದೇ ಮಣೆ, ಲಟ್ಟಣಿಗೆ ಹಿಡಿದುಕೊಂಡು ಬರುತ್ತಾರೆ. ಅವರಿಗೆ ಕನ್ನಡ ಎಲ್ಲಾ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ.

ಮದುವೆಯಾದ ಹೊಸತರಲ್ಲಿ ನಾನೂ ಲಟ್ಟಿಸಲು ಕೂತಿದ್ದೆ. ನನ್ನ ಹಪ್ಪಳಗಳು ಒಂದು ಕಡೆ ಗುಜರಾತಿನಂತೆ ಉಬ್ಬಿ, ಇನ್ನೊಂದು ಕಡೆ ಕನ್ಯಾಕುಮಾರಿಯಂತೆ ಚೂಪಾಗುತ್ತಿದ್ದವು. ಕಮಲಕ್ಕ ಎರಡು ದಿನ ನೋಡಿದಳು. ಮೂರನೆಯ ದಿನ ನನ್ನ ಕೈಯಿಂದ ಲಟ್ಟಣಿಗೆ ಕಸಿದುಕೊಂಡು, “ನೀ ಏನರ ಓದ ಹೇಳವಾ, ನಮಗೂ ಹೊತ್ತು ಹೋಕ್ಕೈತಿ, ಹಿಟ್ಟೂ ಉಳೀತೈತಿ” ಎಂದಳು. ಅಂದಿನಿಂದ ನಾನು ಆ ಮನೆಯ ಓದುವವಳಾದೆ. ನನ್ನ ವಿದ್ವತ್ತಿಗೆ ಸಂದ ಮರ್ಯಾದೆ ಇದು ಎಂದು ಬಹಳ ದಿನ ತವರಿನಲ್ಲಿ ಹೇಳಿಕೊಂಡಿದ್ದೂ ಉಂಟು.

ಖಾನಾಪುರಕ್ಕೆ ನಾವು ಪ್ರತಿ ಶನಿವಾರ ಹೋಗುತ್ತೇವೆ, ಹಪ್ಪಳದ ದಿನಗಳಲ್ಲಿ ನಾನು ವಾರವಿಡೀ ಅಲ್ಲೇ ಉಳಿಯುತ್ತೇನೆ. ಗ್ರಂಥಾಲಯದಿಂದ ತಂದ ಕಾದಂಬರಿಗಳನ್ನು ಚೀಲದಲ್ಲಿ ಹೇರಿಕೊಂಡು ಬಸ್ ಹತ್ತುತ್ತೇನೆ. ನಮ್ಮ ಮನೆಯವರು ಉದ್ಯಮಬಾಗದ ಗೇಟಿನ ಬಳಿ ಹತ್ತುತ್ತಾರೆ. ಅವರಿಗೆಂದು ಹಿಡಿದ ಜಾಗದಲ್ಲಿ ನಾನು ಪುಸ್ತಕದ ಚೀಲ ಇಟ್ಟಿರುತ್ತೇನೆ. ಹೆಚ್ಚಿನ ಸಲ ಚೀಲ ಕೂತು, ಅವರು ಪಿರನವಾಡಿಯವರೆಗೆ ನಿಲ್ಲುತ್ತಾರೆ.

ಹೀಗೆ ಓದುತ್ತ ಓದುತ್ತ ನನಗೆ ತಿಳಿದದ್ದೆಂದರೆ, ನಿಜವಾದ ಅಭಿಪ್ರಾಯ ಇರುವುದು ಕೇಳುವವರ ಹತ್ತಿರ. ನಾನು ಸಾಲು ಬಿಡದೆ ಓದುವವಳು, ಅಷ್ಟೇ. ಒಂದು ಕಾದಂಬರಿಯಲ್ಲಿ ನಾಯಕಿ ಒಲೆಯ ಮೇಲೆ ಹಾಲಿಟ್ಟು ಕಿಟಕಿಯ ಬಳಿ ಬಂದು ನಿಲ್ಲುತ್ತಾಳೆ. ಅಲ್ಲಿ ಆಕೆಗೆ ಹಳೆಯದೆಲ್ಲ ನೆನಪಾಗುತ್ತದೆ. ತಂದೆ, ತಾಯಿ, ಕಾಲೇಜು, ಕಾಲೇಜಿನಲ್ಲಿದ್ದ ಒಬ್ಬ. ಹದಿನಾರು ಪುಟ. ನಾನು ಮೈಮರೆತು ಓದುತ್ತಿದ್ದರೆ ಅತ್ತೆ ಮಾತ್ರ ಚಡಪಡಿಸುತ್ತಿದ್ದರು. ಕೊನೆಗೆ ತಡೆಯಲಾರದೆ, “ನೀಲಾ, ಹಾಲು ಇಳಿಸಿದ್ಳೇನು ನೋಡು ಮೊದಲ” ಎಂದರು. ಹುಡುಕಿದೆ. ಪುಸ್ತಕ ಮುಗಿದರೂ ಇಳಿಸಿರಲಿಲ್ಲ.

ಮತ್ತೊಂದರಲ್ಲಿ ಒಬ್ಬ ಯುವಕ ಬದುಕಿನ ಅರ್ಥವೇನು ಎಂದು ಊರ ಹೊರಗಿನ ಬಂಡೆಯ ಮೇಲೆ ಕೂತು ಯೋಚಿಸುತ್ತಾನೆ. ಸೋಮವಾರ ಕೂತವನು ಬುಧವಾರದ ಹಪ್ಪಳಕ್ಕೂ ಏಳಲಿಲ್ಲ. ಶೇವಂತಾಬಾಯಿ ಲಟ್ಟಣಿಗೆ ನಿಲ್ಲಿಸದೆ, “ಹ್ಯಾಲಾ ಕಾಮ್‌ಧಂದಾ ನಾಹಿ ಕಾ?” ಎಂದು ಕೇಳಿದರು. ಇವನಿಗೆ ಮಾಡಲು ಕೆಲಸವಿಲ್ಲವೇ ಎಂಬ ಆ ಪ್ರಶ್ನೆ ನನಗೂ ಇತ್ತು. ಕೇಳುವ ಧೈರ್ಯ ಇರಲಿಲ್ಲ, ಹಿಂಬದಿಯ ರಟ್ಟಿನ ಮೇಲೆ ದೊಡ್ಡವರೆಲ್ಲ ಅದನ್ನು ಹೊಗಳಿದ್ದರು.

ಆತ್ಮಕಥೆಗಳೆಂದರೆ ಕಮಲಕ್ಕನಿಗೆ ಪ್ರೀತಿ, ಖರೇ ನಡೆದದ್ದು ಎಂಬ ಕಾರಣಕ್ಕೆ. ದೊಡ್ಡ ಅಧಿಕಾರಿಯೊಬ್ಬರ ಆತ್ಮಕಥೆ ಓದಿದೆವು. ಅವರಿಗೆ ಹನ್ನೊಂದು ಊರಿಗೆ ವರ್ಗವಾಗಿತ್ತು. ಪ್ರತಿ ವರ್ಗಕ್ಕೂ ‘ಮಡದಿ ಸಾಮಾನು ಕಟ್ಟಿದಳು’ ಎಂಬ ಒಂದು ವಾಕ್ಯ ತಪ್ಪದೆ ಬರುತ್ತಿತ್ತು. ಕಮಲಕ್ಕ ಅಂದಳು, “ಹನ್ನೊಂದ ಸಲ ಗಂಟು ಕಟ್ಟಿದಾಳ, ಆಕಿ ಹೆಸರು ಒಂದ ಸಲಾನೂ ಹೇಳವಲ್ಲ. ಕಲೆಕ್ಟರನ ಹೆಸರು ಎಷ್ಟ ಸಲ ಬಂತು.”

ಇಂಥ ಕೇಳುಗರ ಮುಂದೆ ನಾನು ಹೋದ ವರ್ಷ ಒಬ್ಬ ಮಾಸ್ತರರ ಆತ್ಮಕಥೆ ತಂದದ್ದು. ಪುಸ್ತಕದ ಹೆಸರು ಹೇಳುವುದಿಲ್ಲ. ಮಾಸ್ತರರು ಆರೋಗ್ಯವಾಗಿದ್ದಾರೆ, ಪತ್ರವನ್ನೂ ಬರೆಯುತ್ತಾರೆ. ಹಳ್ಳಿಯಲ್ಲಿ ಹುಟ್ಟಿ, ಕಷ್ಟಪಟ್ಟು ಓದಿ, ಮಾಸ್ತರಾಗಿ, ನಿವೃತ್ತರಾದವರ ಕಥೆ. ಮೊದಲ ಭಾಗದಲ್ಲಿ ಅವರ ಅಕ್ಕ ಅಲ್ಲಲ್ಲಿ ಬರುತ್ತಾಳೆ. ತಮ್ಮನ ಕೈಹಿಡಿದು ಸಾಲೆಗೆ ಬಿಟ್ಟುಬರುತ್ತಾಳೆ, ಒಂದು ಸಲ ಬುತ್ತಿ ತರುತ್ತಾಳೆ, ಮದುವೆಯಾಗಿ ಹೊಳೆಯಾಚೆ ಹೋಗುತ್ತಾಳೆ. ಎಪ್ಪತ್ತೆರಡನೆಯ ಪುಟದ ಕೊನೆಯಲ್ಲಿ ಹೀಗಿತ್ತು: ‘ಆ ವರ್ಷ ಅಕ್ಕ ತೀರಿಕೊಂಡಳು. ಅದೇ ವರ್ಷ ನಾನು ಮುಲ್ಕಿ ಪರೀಕ್ಷೆಯಲ್ಲಿ ತಾಲೂಕಿಗೆ ಎರಡನೆಯವನಾಗಿ ಪಾಸಾದೆ.’

ನಾನು ಪುಟ ತಿರುವಿದೆ. ಎಪ್ಪತ್ತಮೂರರಲ್ಲಿ ಪರೀಕ್ಷೆಯ ಗಣಿತದ ಪ್ರಶ್ನೆಗಳಿದ್ದವು. ಅತ್ತೆಯ ಹೆಬ್ಬೆರಳಿನ ದಾರ ಬಿಗಿಯಾಗಿಯೇ ನಿಂತಿತು.

“ಮುಂದ?” ಎಂದರು.

“ಮುಂದ ಪರೀಕ್ಷಾ ಪಾಸಾದ್ರರೀ.”

“ಪರೀಕ್ಷಾ ಅಲ್ಲ. ಅಕ್ಕ.”

ಶೇವಂತಾಬಾಯಿಯೂ ಲಟ್ಟಣಿಗೆ ಎತ್ತಿ ಹಿಡಿದು ನನ್ನತ್ತ ನೋಡುತ್ತಿದ್ದರು. ಕೈ ನಿಂತರೆ ಹಿಟ್ಟು ಬಿರಿಯುತ್ತದೆ. ಕಮಲಕ್ಕ ನನ್ನನ್ನು ನೋಡಿದ ನೋಟದಲ್ಲಿ, ಇವರ ಕೈ ನಡೆಯುವ ಹಾಗೆ ಏನಾದರೂ ಮಾಡು ಎಂಬ ಆಜ್ಞೆಯಿತ್ತು.

ಇಲ್ಲಿ ನನ್ನ ಒಂದು ಹಳೆಯ ಚಟ ಹೇಳಬೇಕು. ನಾನು ಸಣ್ಣವಳಿದ್ದಾಗ ಅಪ್ಪ ಸಂಜೆ ಪೇಟೆಯಿಂದ ಶೇಂಗಾ ತರುತ್ತಿದ್ದರು. ಅದರ ಪೊಟ್ಟಣ ಹಳೆಯ ವಾರಪತ್ರಿಕೆಯ ಹಾಳೆ. ಶೇಂಗಾ ಉಳಿದವರಿಗೆ, ಹಾಳೆ ನನಗೆ. ಅದರಲ್ಲಿ ಕಥೆಯಿರುತ್ತಿತ್ತು. ಆದರೆ ತಲೆ ಇದ್ದರೆ ಬಾಲ ಇಲ್ಲ, ಬಾಲ ಇದ್ದರೆ ತಲೆ ಇಲ್ಲ. ಬಾಗಿಲು ತಟ್ಟಿದ ಸದ್ದಾಯಿತು, ಆಕೆ ಎದ್ದು ಹೋಗಿ ನೋಡಿದರೆ... ಅಲ್ಲಿಗೆ ಎಣ್ಣೆಯ ಕಲೆ. ತಂಗಿ ಅಳತೊಡಗುವಳು. ಆಗ ನಾನು ಹಾಳೆ ನೋಡುವಂತೆ ನಟಿಸುತ್ತ ಬಾಗಿಲು ತೆಗೆಸುತ್ತಿದ್ದೆ, ಬಂದವನನ್ನು ಕೂಡಿಸಿ ನೀರು ಕೊಡಿಸುತ್ತಿದ್ದೆ. ತಂಗಿ ಸುಮ್ಮನಾಗುತ್ತಿದ್ದಳು.

ಹೋದ ವರ್ಷ ಆ ಗುರುವಾರ ನಾನು ಅದನ್ನೇ ಮಾಡಿದೆ. ಎಪ್ಪತ್ತಮೂರನೆಯ ಪುಟದ ಗಣಿತದ ಮೇಲೆ ಕಣ್ಣಿಟ್ಟು, ಓದುವ ರಾಗದಲ್ಲೇ, ಅಕ್ಕನ ಕಥೆ ಶುರು ಮಾಡಿದೆ. ಮೊದಲು ಒಂದು ಹೆಸರು ಬೇಕಾಯಿತು. ಕಣ್ಣೆದುರಿಗೆ ಹಿಟ್ಟು ನಾದುವ ಅಗಲ ಬಾಯಿಯ ಸ್ಟೀಲ್ ಪರಾತವಿತ್ತು. ಕಮಲಕ್ಕನ ಮದುವೆಯಲ್ಲಿ ಯಾರೋ ಕೊಟ್ಟದ್ದು. ಪಾತ್ರೆ ಕೊಡುವವರು ತಮ್ಮ ಹೆಸರು ಕೆತ್ತಿಸಿ ಕೊಡುತ್ತಾರಲ್ಲ, ಹಾಗೆ ಅದರ ಅಂಚಿನಲ್ಲಿ ‘ಚಂದ್ರವ್ವ’ ಎಂದಿತ್ತು. ಅಕ್ಕ ಚಂದ್ರವ್ವಳಾದಳು. ಅವಳು ತಮ್ಮ ಸಾಲೆಯಲ್ಲಿ ಬರೆಯುವ ಪಾಟಿಯನ್ನು ಉಸಿರೂದಿ ಸೆರಗಿನಿಂದ ಒರೆಸಿ ಕೊಡುತ್ತಿದ್ದಳು. ಜೋಳದ ಕಣಜದಲ್ಲಿ ಅವನಿಗೆಂದು ಬೆಲ್ಲ ಮುಚ್ಚಿಡುತ್ತಿದ್ದಳು. ಗಂಡನ ಮನೆಗೆ ಹೋದ ಮೇಲೆ ತವರಿನ ಸುದ್ದಿಯನ್ನು ಊರೂರು ತಿರುಗುವ ಬಳೆಗಾರನಿಂದ ಕೇಳಿ ತಿಳಿಯುತ್ತಿದ್ದಳು, ಸುದ್ದಿಯ ಆಸೆಗೆ ಇದ್ದ ಬಳೆ ಒಡೆದುಕೊಂಡು ಹೊಸದು ಇಡಿಸಿಕೊಳ್ಳುತ್ತಿದ್ದಳು. ಕೊನೆಗೆ ಜ್ವರ. ತಮ್ಮನ ಪರೀಕ್ಷೆಯ ದಿನವೆಂದು ತವರಿಗೆ ಹೇಳಿಕಳಿಸಬೇಡಿ ಎಂದಳು.

ಅತ್ತೆಯ ದಾರ ಮತ್ತೆ ಆಡತೊಡಗಿತು. ಶೇವಂತಾಬಾಯಿ ಮೂಗೊರೆಸಿಕೊಂಡರು. ಆ ದಿನ ಹಪ್ಪಳ ಎಂದಿಗಿಂತ ತೆಳ್ಳಗಾದವು.

ಅಲ್ಲಿಗೆ ಮುಗಿದಿದ್ದರೆ ಡೈರಿಯಲ್ಲಿ ಸಣ್ಣ ಅಕ್ಷರ ಬೇಕಾಗಿರಲಿಲ್ಲ. ಪುಸ್ತಕ ಮುಗಿದ ದಿನ ಅತ್ತೆ ತಮ್ಮ ಅಭಿಪ್ರಾಯ ಕೊಟ್ಟರು. ಇಷ್ಟು ವರ್ಷಗಳಲ್ಲಿ ಇದರಂಥ ಪುಸ್ತಕ ಬಂದಿಲ್ಲ. ಮಾಸ್ತರನ ಭಾಗ ಅಷ್ಟಕ್ಕಷ್ಟೇ, ಅಕ್ಕನ ಭಾಗಕ್ಕೆ ಮಾತ್ರ ಬರೆದವನ ಕೈಗೆ ಮುತ್ತಿಡಬೇಕು. ಅದೊಂದು ಪುಸ್ತಕ ತಮಗೆ ತಂದುಕೊಡಬೇಕು. ತಾವೇ ಓದುತ್ತಾರಂತೆ.

ಅತ್ತೆ ಹುಟ್ಟಿದ್ದು ಹಲಸಿಯಲ್ಲಿ, ಕಲಿತದ್ದು ಮೂರನೆಯ ಇಯತ್ತೆಯವರೆಗೆ, ಮರಾಠಿ ಸಾಲೆಯಲ್ಲಿ. ಮರಾಠಿ ಪೇಪರು ಓದುತ್ತಾರೆ, ಮಾತು ಕನ್ನಡ. ಕನ್ನಡದ ಅಕ್ಷರ ಬಾರದು. ಕಮಲಕ್ಕನದೂ ಅದೇ ಕಥೆ. ಭಾವನವರಿಗೆ ಬರುತ್ತದೆ, ಆದರೆ ಅವರು ಓದುವುದು ಪೇಟೆಯ ದರ ಮಾತ್ರ. ನಾನು ಪ್ರತಿ ವಾರ ಬಂದಾಗ ಮತ್ತೊಮ್ಮೆ ಓದಿ ಹೇಳುತ್ತೇನಲ್ಲ, ಅರವತ್ತೇಳನೆಯ ವಯಸ್ಸಿನಲ್ಲಿ ಯಾಕೆ ಈ ತ್ರಾಸು ಎಂದೆ. ಅತ್ತೆ ಹೇಳಿದ್ದು ಇಷ್ಟೇ:

“ನೀ ವಾರಕ್ಕೊಮ್ಮಿ ಬರ್ತಿ. ಆಕಿ ನೆನಪು ವಾರಕ್ಕೊಮ್ಮಿ ಬರೂದಿಲ್ಲ.”

ನಾನು ಖಡೇಬಜಾರಿನಿಂದ ಅಕ್ಷರ ಕಲಿಸುವ ಒಂದು ಅಂಕಲಿಪಿಯನ್ನೂ ಮಾಸ್ತರರ ಪುಸ್ತಕವನ್ನೂ ತಂದುಕೊಟ್ಟೆ. ಅದಕ್ಕೂ ಮೊದಲು, ತರದೆ ಇರಲು ಎರಡು ವಾರ ಮರೆವಿನ ನಾಟಕ ಆಡಿದ್ದೆ. ಮೂರನೆಯ ವಾರ ನಮ್ಮ ಮನೆಯವರೇ ನೆನಪಿಸಿದ್ದರು.

ಆ ಮಳೆಗಾಲ ನನ್ನ ಬಾಳಿನಲ್ಲಿ ಅತಿ ಕುತೂಹಲದ ಮಳೆಗಾಲ. ಪ್ರತಿ ಶನಿವಾರ ಬಸ್ಸಿನಿಂದಿಳಿದು ಕೊಡೆ ಮುಚ್ಚುವ ಮೊದಲೇ ಅತ್ತೆ ಎಲ್ಲಿಯವರೆಗೆ ಬಂದಿದ್ದಾರೆಂದು ನೋಡುತ್ತಿದ್ದೆ. ಗೊತ್ತಿದ್ದ ಅಕ್ಷರದ ಪಕ್ಕದಲ್ಲಿ ಗೊತ್ತಿಲ್ಲದ್ದನ್ನು ಇಟ್ಟು, ಇದು ಅದರ ತಂಗಿ, ಇದಕ್ಕೆ ತಲೆಕಟ್ಟು ಬೇರೆ ಎಂದು ಸಂಬಂಧ ಹಚ್ಚಿ ಕಲಿಯುತ್ತಿದ್ದರು. ಒತ್ತಕ್ಷರ ಬಂದಾಗ ನನಗೆ ಸ್ವಲ್ಪ ಧೈರ್ಯ ಬಂತು. ಅಲ್ಲಿ ದೊಡ್ಡ ದೊಡ್ಡವರು ಕೈಬಿಟ್ಟಿದ್ದಾರೆ. ಅತ್ತೆ ಬಿಡಲಿಲ್ಲ. ಕಲಿತದ್ದನ್ನು ರೂಢಿ ಮಾಡಲು ಬಸ್ ನಿಲ್ದಾಣಕ್ಕೆ ಹೋಗಿ ಕೂತು ಬಸ್ಸಿನ ಬೋರ್ಡು ಓದುತ್ತಿದ್ದರು. ಐವತ್ತು ವರ್ಷ ‘ಇದು ಹಲಸಿಗೆ ಹೋಕ್ಕೈತೇನಪಾ’ ಎಂದು ಕೇಳಿ ಹತ್ತಿದವರು ಒಂದು ದಿನ ಯಾರನ್ನೂ ಕೇಳದೆ ಹತ್ತಿ, ತಮ್ಮ ಸ್ವಂತ ಅಕ್ಕನನ್ನು ನೋಡಿಬಂದರು. ನಮ್ಮ ಕಡೆ ಫಲಕದ ಅಕ್ಷರ ಕನ್ನಡವೋ ಮರಾಠಿಯೋ ಎಂದು ಗಲಾಟೆ ನಡೆಯುವುದು ನಿಮಗೂ ಗೊತ್ತು. ಅವ್ವ ಈ ವಯಸ್ಸಿನಲ್ಲಿ ಯಾವ ಪಕ್ಷ ಸೇರಿದಳು ಎಂದು ಭಾವನವರನ್ನು ಇಬ್ಬರು ಕೇಳಿದರಂತೆ. ಅವರು ಸೇರಿದ್ದು ಚಂದ್ರವ್ವನ ಪಕ್ಷವೆಂದು ಗೊತ್ತಿದ್ದವಳು ನಾನೊಬ್ಬಳೇ.

ಹಲಸಿಗೆ ಹೋದವರು ಸುಮ್ಮನೆ ಬರಲಿಲ್ಲ. ಚಂದ್ರವ್ವನ ಕಥೆಯನ್ನು, ಪಾಟಿ, ಬೆಲ್ಲ, ಬಳೆಗಾರನ ಸಮೇತ, ತಮ್ಮ ಅಕ್ಕನಿಗೆ ಹೇಳಿ ಬಂದಿದ್ದರು. ಹಲ್ಲಿಲ್ಲದ ಆ ದೊಡ್ಡಮ್ಮನೂ ಅತ್ತರಂತೆ. ನನ್ನ ಸುಳ್ಳು ಕೆಂಪು ಬಸ್ ಹತ್ತಿ ಊರೂರು ತಿರುಗತೊಡಗಿತ್ತು.

ಶ್ರಾವಣದಲ್ಲಿ ಒಂದು ಶನಿವಾರ ಹೋದರೆ ಅಡುಗೆಮನೆಯ ಪಾತ್ರೆಗಳೆಲ್ಲ ನಡುಮನೆಯಲ್ಲಿ ಸಾಲಾಗಿ ಕೂತಿದ್ದವು. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ತಿರುಗಿಸಿ ಹೆಸರು ಓದುತ್ತಿದ್ದರು. ಯಾವ ಚರಿಗೆ ಯಾರು ಕೊಟ್ಟದ್ದು ಎಂದು ಕಮಲಕ್ಕನೊಡನೆ ಇಪ್ಪತ್ತು ವರ್ಷದಿಂದ ನಡೆದ ವಾದವೊಂದು ಅಂದು ತೀರ್ಮಾನವಾಗಿತ್ತು. ಕೊನೆಗೆ ಪರಾತ ಕೈಗೆ ಬಂತು.

“ಚಂ...ದ್ರ...ವ್ವ” ಎಂದು ಓದಿದರು. ಪರಾತ ನೋಡಿದರು, ನನ್ನನ್ನು ನೋಡಿದರು. “ಏ ನೀಲಾ, ಆ ಮಾಸ್ತರನ ಅಕ್ಕ ನಮ್ಮ ಪರಾತದ ಮ್ಯಾಲ ಹೆಂಗ ಬಂದ್ಳು?”

ಈ ಸೀಮೆಯಲ್ಲಿ ಮನೆಗೊಬ್ಬರು ಚಂದ್ರವ್ವ ಇರುತ್ತಾರಲ್ಲರೀ ಎಂದೇನೋ ಹೇಳಿ ಚಹಾ ಮಾಡಲು ಒಳಗೆ ಹೋದೆ. ಆ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತೆ. ಅತ್ತೆ ಅದನ್ನು ಹಾಗೇ ಕುಡಿದರು.

ಹೇಳಿಬಿಡಬೇಕಿತ್ತು. ಪ್ರತಿ ಶನಿವಾರ ಹೇಳಬೇಕೆಂದೇ ಹೋಗುತ್ತಿದ್ದೆ. ಅವರು ಐವತ್ತನೆಯ ಪುಟಕ್ಕೆ ಬಂದರು, ಅರವತ್ತಕ್ಕೆ ಬಂದರು. ಬೆರಳಿಟ್ಟು ಓದುವ ಆ ಸುಖ ನೋಡಿದರೆ ಬಾಯಿ ಬರುತ್ತಿರಲಿಲ್ಲ. ಇಷ್ಟು ಕಷ್ಟಪಟ್ಟು ಒಂದು ಮನೆಗೆ ನಡೆದುಹೋಗುತ್ತಿರುವವರಿಗೆ, ಆ ಮನೆಯೇ ಇಲ್ಲವೆಂದು ನಡುದಾರಿಯಲ್ಲಿ ಹೇಗೆ ಹೇಳುವುದು? ಅದಕ್ಕಿಂತ ಹೆಚ್ಚು ನನ್ನ ಸ್ವಾರ್ಥವೂ ಇತ್ತು. ಲಟ್ಟಿಸಲು ಬಾರದ ಸೊಸೆಗೆ ಆ ಮನೆಯಲ್ಲಿದ್ದ ಜಾಗ ಓದುವವಳ ಜಾಗ ಒಂದೇ. ಓದುವವಳ ಮಾತು ನಂಬುವಂಥದ್ದಲ್ಲ ಎಂದಾದರೆ ಆ ಜಾಗದಲ್ಲಿ ಯಾರು ಕೂಡಿಸುತ್ತಾರೆ?

ಮಹಾನವಮಿ ಅಮಾವಾಸ್ಯೆ ಕಳೆದ ಭಾನುವಾರ ಮಧ್ಯಾಹ್ನ, ಊಟವಾಗಿ ನಾನು ಅವರೆಕಾಯಿ ಸುಲಿಯುತ್ತಿದ್ದಾಗ, ಅತ್ತೆ ಎಪ್ಪತ್ತೆರಡನೆಯ ಪುಟಕ್ಕೆ ಬಂದರು. ಬೆರಳು ಕೊನೆಯ ಸಾಲು ಮುಟ್ಟಿತು. ‘ಆ ವರ್ಷ ಅಕ್ಕ ತೀರಿಕೊಂಡಳು’ ಎಂದು ಗಟ್ಟಿಯಾಗಿ ಓದಿ, ಸೆರಗು ಸರಿಮಾಡಿಕೊಂಡು, ಅಳಲು ತಯಾರಾಗಿ ಪುಟ ತಿರುವಿದರು. ಗಣಿತ. ಮತ್ತೊಂದು ಪುಟ ತಿರುವಿದರು. ಹಾಸ್ಟೆಲು. ಹಿಂದಕ್ಕೆ ಬಂದರು. ಎರಡು ಹಾಳೆಗಳ ನಡುವಿನ ಹೊಲಿಗೆಯಲ್ಲಿ ಬೆರಳಾಡಿಸಿದರು.

“ನಡುವ ಹಾಳಿ ಹರದೈತೇನು?”

“ಇಲ್ಲರೀ ಅತ್ತಿ” ಎಂದೆ. ಅವರೆಕಾಯಿಯ ತಟ್ಟೆಯಿಂದ ತಲೆ ಎತ್ತಲಿಲ್ಲ. “ಹಾಳಿ ಹರದಿಲ್ಲ. ಅದರಾಗ ಅಷ್ಟಽ ಐತಿ.”

“ಮತ್ತ ಪಾಟಿ ಒರಸಿದ್ದು?”

“ಅದು ನಾ ಹೇಳಿದ್ದು.”

“ಬೆಲ್ಲ?”

“ಅದೂ.”

“ಬಳಿಗಾರ?”

“ಅವನೂ ನಾನಽರೀ. ಹೆಸರು ಪರಾತದ್ದು.”

ಅತ್ತೆ ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟರು. ಸುಳ್ಳಿ ಎನ್ನಬಹುದು, ಐದು ತಿಂಗಳು ನನ್ನ ಕಣ್ಣು ನೋಯಿಸಿದೆ ಎನ್ನಬಹುದು ಎಂದು ನಾನು ಎಲ್ಲದಕ್ಕೂ ತಯಾರಾಗಿದ್ದೆ. ಅವರು ಕೇಳಿದ್ದಕ್ಕೆ ಮಾತ್ರ ತಯಾರಿರಲಿಲ್ಲ.

“ಕಟ್ಟಿ ಹೇಳೂದು ಹೇಳಿದಿ. ಎಲ್ಲಾ ನಿನ್ನ ಕೈಯಾಗ ಇತ್ತು. ಮತ್ತ ಆಕಿನ್ನ ಯಾಕ ಸಾಯಿಸಿದಿ?”

ಪುಸ್ತಕದಲ್ಲಿ ಸತ್ತಿದ್ದಾಳಲ್ಲರೀ ಎಂದೆ. ಪುಸ್ತಕಕ್ಕೆ ಅಷ್ಟು ನಿಷ್ಠೆ ತೋರಿಸಿದವಳು ನಾನೇ ಎಂದು ನನಗೇ ನಗು ಬರಬೇಕಿತ್ತು. ಬರಲಿಲ್ಲ. ಅತ್ತೆ ಎದ್ದು ಹೋಗುತ್ತ ಅಂದರು, “ಹಲಸ್ಯಾಗ ನಮ್ಮಕ್ಕ ಕೇಳಿದ್ರ ಏನ ಹೇಳಲಿ ಈಗ? ಬಳಿಗಾರ ಮತ್ತ ಬಂದಿದ್ದನೇನು ಅಂತ ಕೇಳ್ಯಾಳ ಆಕಿ.”

ಮುಂದಿನ ಎರಡು ಶನಿವಾರ ಪುಸ್ತಕ ಗೋಡೆಯ ಮಾಡದಲ್ಲೇ ಇತ್ತು. ಮಾತು ಇತ್ತು, ಚಹಾ ಇತ್ತು, ಅದರ ಸುದ್ದಿ ಮಾತ್ರ ಇಲ್ಲ. ಡೈರಿಯಲ್ಲಿ ಆ ದಿನಗಳಿಗೆ ಬರಿ ಕಾಯಿಪಲ್ಯ ಇದೆ. ಮೂರನೆಯ ವಾರ, ಸೋಮವಾರ ಬೆಳಿಗ್ಗೆ ನಾವಿಬ್ಬರೂ ಬೆಳಗಾವಿಗೆ ಹೊರಟಾಗ ಅತ್ತೆ ನನ್ನ ಕೈಯಲ್ಲಿ ಒಂದು ಕಾರ್ಡು ಇಟ್ಟು, ಮಾಸ್ತರರ ವಿಳಾಸ ಪುಸ್ತಕದ ಹಿಂದಿದೆ, ಬರೆದು ಡಬ್ಬಿಗೆ ಹಾಕು ಎಂದರು. “ಹಲಸಿಗೆ ಹೋಗೂ ಮುಂದ ಒಂದರ ಖರೇದ್ದು ಒಯ್ಯಬೇಕಲಾ” ಎಂದೂ ಹೇಳಿದರು.

ಬಸ್ಸಿನಲ್ಲಿ ತೆಗೆದು ನೋಡಿದೆ. ಅಂಕಲಿಪಿಯ ಅಕ್ಷರಗಳಂತೆ ದಪ್ಪ ದಪ್ಪಗೆ, ಪ್ರತಿ ಅಕ್ಷರವೂ ತನ್ನ ಕಾಲ ಮೇಲೆ ತಾನು ನಿಂತಿತ್ತು. ‘ಮಾಸ್ತರರಿಗೆ ಶರಣು. ನಿಮ್ಮ ಪುಸ್ತಕ ಓದಿದೆ. ನಿಮ್ಮ ಅಕ್ಕನ ಹೆಸರು ಏನು. ಗಂಗವ್ವ, ಖಾನಾಪುರ.’

ನಮ್ಮ ಮನೆಯವರು ಇಣುಕಿ ನೋಡಿ, “ಅವ್ವ ಬರದಾಳೇನು ಇದು?” ಎಂದರು. ಕಾರ್ಡು ಕೈಗೆ ತೆಗೆದುಕೊಂಡು ಎರಡು ಸಲ ಓದಿದರು, ತಿರುಗಿಸಿ ನೋಡಿದರು, ಮತ್ತೆ ಓದಿದರು. ಅಷ್ಟರಲ್ಲಿ ಉದ್ಯಮಬಾಗದ ಗೇಟು ಹಿಂದೆ ಹೋಗಿತ್ತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು ತಮ್ಮ ಸ್ಟಾಪು ಮರೆತದ್ದು ಅದೊಂದೇ ಸಲ. ಮುಂದಿನ ಸ್ಟಾಪಿನಲ್ಲಿಳಿದು ಹಿಂದಕ್ಕೆ ನಡೆದರು.

ಹದಿನೈದು ದಿನಕ್ಕೆ ಉತ್ತರ ಬಂತು. ಅಚ್ಚು ಹಾಕಿಸಿದ ಕಾರ್ಡು. ‘ತಾವು ನನ್ನ ಕೃತಿಯನ್ನು ಓದಿ ಅಭಿಪ್ರಾಯ ತಿಳಿಸಿದ್ದಕ್ಕೆ ಕೃತಜ್ಞ’ ಎಂದು ಎಲ್ಲರಿಗೂ ಕಳಿಸುವಂಥದ್ದು. ಅದರ ಕೆಳಗೆ ಖಾಲಿ ಜಾಗದಲ್ಲಿ ಶಾಯಿಯಿಂದ ಎರಡು ಸಾಲು ಬರೆದಿದ್ದರು. ‘ಅಕ್ಕನ ಹೆಸರು ನಿಂಗವ್ವ. ಮನೆಯಲ್ಲಿ ನಿಂಗಿ ಅನ್ನುತ್ತಿದ್ದೆವು.’ ಎರಡನೆಯ ಸಾಲನ್ನು ಸ್ವಲ್ಪ ಹೊತ್ತು ಬಿಟ್ಟು ಬರೆದಿರಬೇಕು, ಶಾಯಿಯ ಬಣ್ಣ ಬೇರೆ ಇತ್ತು. ಅತ್ತೆ ಅದನ್ನು ಹಲಸಿಗೆ ಒಯ್ದು, ತಮ್ಮ ಅಕ್ಕನಿಗೆ ಓದಿ ತೋರಿಸಿ, ತಂದು ಎಪ್ಪತ್ತೆರಡನೆಯ ಪುಟದಲ್ಲಿಟ್ಟರು. ಬಳೆಗಾರನ ವಿಷಯ ಅಲ್ಲಿ ಏನು ಹೇಳಿದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈ ವರ್ಷವೂ ಹಪ್ಪಳದ ದಿನ ಬಂತು. ಹೋಗುವಾಗ ಚೀಲಕ್ಕೆ ಪುಸ್ತಕ ಹಾಕಲೋ ಬೇಡವೋ ಎಂದು ಹಿಂದೆ ಮುಂದೆ ನೋಡಿ, ಕೊನೆಗೆ ಒಂದು ಕಾದಂಬರಿ ಹಾಕಿಕೊಂಡೆ. ಅಲ್ಲಿ ಹೋದರೆ ಅತ್ತೆ ದಾರದಿಂದ ಹಿಟ್ಟು ಕತ್ತರಿಸುವ ಕೆಲಸವನ್ನು ಕಮಲಕ್ಕನಿಗೆ ವಹಿಸಿಬಿಟ್ಟಿದ್ದರು. ಭುಜ ನೋಯುತ್ತದಂತೆ. ಕನ್ನಡಕ ಹಾಕಿಕೊಂಡು ನನ್ನ ಪಕ್ಕದಲ್ಲಿ ಮಣೆ ಹಾಕಿ ಕೂತು, “ಓದು, ನಾ ನೋಡಕೋತ ಇರ್ತೀನಿ” ಎಂದರು. ಕಮಲಕ್ಕ ನಕ್ಕಳು. ಅವಳಿಗೆ ಎಷ್ಟು ಗೊತ್ತಿತ್ತೋ ಏನೋ. ಶೇವಂತಾಬಾಯಿಗೆ ಏನೂ ಗೊತ್ತಿರಲಿಲ್ಲ. ಅವರಿಗೆ ಇಂದಿಗೂ ಚಂದ್ರವ್ವ ಚಂದ್ರವ್ವಳೇ.

ನಾನು ಓದತೊಡಗಿದೆ. ಅತ್ತೆಯ ಬೆರಳು ನನ್ನ ಸಾಲಿನ ಕೆಳಗೇ ನಡೆಯಿತು. ಒಂದು ಮಾತನ್ನೂ ಬಿಡಲಿಲ್ಲ, ಒಂದು ಮಾತನ್ನೂ ಸೇರಿಸಲಿಲ್ಲ. ಇನ್ಸ್ಪೆಕ್ಟರು ಬಂದ ದಿನ ಸಾಲೆಯ ಹುಡುಗಿ ಓದುವಂತೆ ಓದಿದೆ. ಮಾವಿನ ತೋಪೊಂದರ ಜಗಳದ ಕಾದಂಬರಿ ಅದು. ನಾಯಕ, ಅವನ ದಾಯಾದಿ, ಕೋರ್ಟು, ವಕೀಲರು. ಮೂರನೆಯ ದಿನ ಒಂದು ಪುಟದ ನಡುವೆ, ತೋಪು ಕಾಯುವವನ ಬಗ್ಗೆ ಬರೆಯುತ್ತ, ಲೇಖಕರು ಹೋಗುವ ದಾರಿಯಲ್ಲಿ ಒಂದು ಮಾತು ಹೇಳಿದ್ದರು: ‘ಅವನ ಹೆಂಡತಿ ಹಿಂದಿನ ಮಳೆಗಾಲದಲ್ಲೇ ಹೋಗಿಬಿಟ್ಟಿದ್ದಳು.’ ಅದರ ಮುಂದಿನ ಸಾಲಿಗೇ ಕೋರ್ಟಿನ ತಾರೀಖು ಬಂದಿತ್ತು.

ನನ್ನ ನಾಲಿಗೆ ಹಳೆಯ ರೂಢಿಯಿಂದ ಒಂದು ಕ್ಷಣ ನಿಂತಿತು. ಮತ್ತೆ ಹೆದರಿ ಕೋರ್ಟಿನ ಸಾಲು ಶುರು ಮಾಡಿದೆ. ಎದುರಿಗೆ ಶೇವಂತಾಬಾಯಿ ಲಟ್ಟಣಿಗೆ ಎತ್ತಿ ಹಿಡಿದು, “ಆಣಿ ಬಾಯ್ಕೋ?” ಎಂದರು. ಮತ್ತೆ ಆ ಹೆಂಡತಿ?

ನಾನು ಅತ್ತೆಯ ಬೆರಳು ನೋಡಿದೆ. ಅದು ಕೋರ್ಟಿನ ಸಾಲಿಗೆ ಇಳಿದಿರಲಿಲ್ಲ. ಹೆಂಡತಿಯ ಸಾಲಿನ ಕೆಳಗೇ ನಿಂತಿತ್ತು.

“ಇಲ್ಲಿ ಸ್ವಲ್ಪ ಹೆಚ್ಚಿಗಿ ಓದು” ಎಂದರು ಅತ್ತೆ, ನನಗಷ್ಟೇ ಕೇಳುವಂತೆ.

“ಇದಕ್ಕಿಂತ ಹೆಚ್ಚಿಗಿ ಇದರಾಗ ಇಲ್ಲರೀ.”

“ಕಾಣತೈತಿ ನನಗೂ. ಓದು.” ಪುಸ್ತಕವನ್ನು ನನ್ನ ಕಡೆ ಸ್ವಲ್ಪ ಸರಿಸಿ, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. “ಹೆಸರು ಮಾತ್ರ ಪರಾತದ ಮ್ಯಾಲಿಂದು ಬ್ಯಾಡ.”